ಕಂದಕದಿಂದ ಬಂದ ಕಾಗದದಲ್ಲಿ ದನಕರುಗಳ ಸುದ್ದಿ ಯಾಕೆ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತದ ಸಿಪಾಯಿಗಳು ಊರಿಗೆ ಬರೆದ ಪತ್ರಗಳಲ್ಲಿ ಕೆಲವನ್ನು ಈಚೆಗೆ ಓದಿದೆ. ಸಾವಿನ ಬಾಯಲ್ಲಿ ಕೂತವರು ಹೊಲ, ದನ, ಸಾಲ, ಕೋರ್ಟು ಕೇಸು ಅಂತ ಇದನ್ನೇ ಕೇಳುತ್ತಾರೆ. ಹೆಂಡತಿ ಮಕ್ಕಳ ನೆನಪಾಗುತ್ತಿದೆ ಅನ್ನುವ ಮಾತು ಅಪರೂಪ. ಅವರಿಗೆ ಮನೆಯ ನೆನಪು ಕಾಡಲೇ ಇಲ್ವಾ? ಓದು ಬರಹ ಬಾರದವರು ಅಷ್ಟೊಂದು ಪತ್ರ ಬರೆದದ್ದು ಹೇಗೆ? ನಮ್ಮ ಮೈಸೂರು ಕಡೆಯವರು ಬರೆದ ಪತ್ರಗಳೂ ಅದರಲ್ಲಿ ಇವೆಯಾ?

ಉತ್ತರ: ಕಾಡಿತ್ತು, ತುಂಬಾ ಕಾಡಿತ್ತು. ನಿಮಗೆ ಬೇಸರ ತಂದ ಆ ಹೊಲ ದನದ ಮಾತಿನಲ್ಲೇ ಅದು ಇದೆ. ಆದರೆ ಅದು ಕಣ್ಣಿಗೆ ಬೀಳಬೇಕಾದರೆ ಆ ಪತ್ರ ಯಾರ್ಯಾರ ಕೈ ದಾಟಿ ನಿಮ್ಮ ಹತ್ತಿರ ಬಂತು ಅಂತ ಗೊತ್ತಿರಬೇಕು. ಸಿಪಾಯಿಗೂ ಅವನ ಹೆಂಡತಿಗೂ ನಡುವೆ ಮೂರು ಜನ ಕೂತಿದ್ದರು. ಸಿಪಾಯಿಗೂ ನಿಮಗೂ ನಡುವೆ ಇನ್ನೂ ಒಬ್ಬರು ಜಾಸ್ತಿ, ಪತ್ರವನ್ನು ಆಯ್ದು ಇಂಗ್ಲಿಷಿಗೆ ತಿರುಗಿಸಿದವರು.

ಮೊದಲು ಅವರು ಎಲ್ಲಿದ್ದರು, ಹೇಗಿದ್ದರು ಅಂತ ಸ್ವಲ್ಪ ನೋಡೋಣ. ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ಸೈನಿಕರು 1914ರ ಸೆಪ್ಟೆಂಬರ್ ಕೊನೆಯಿಂದ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿದರು. ಮೈಮೇಲೆ ಇದ್ದದ್ದು ತೆಳು ಹತ್ತಿಯ ಖಾಕಿ. ಅಕ್ಟೋಬರ್ ಮುಗಿಯುವ ಮೊದಲೇ ಬೆಲ್ಜಿಯಂನ ಈಪ್ರ್ ಸುತ್ತಮುತ್ತಲ ಕಂದಕಗಳಿಗೆ ಅವರನ್ನು ನೂಕಿದರು. ಅಲ್ಲಿನ ಚಳಿಗಾಲ ಶುರುವಾದಾಗಲೂ ಎಷ್ಟೋ ಜನಕ್ಕೆ ಬೆಚ್ಚನೆಯ ಬಟ್ಟೆ ಕೈಗೆ ಬಂದಿರಲಿಲ್ಲ. ಸಿಪಾಯಿಯ ಸಂಬಳ ಆಗ ತಿಂಗಳಿಗೆ 11 ರೂಪಾಯಿ. 1915ರ ಮಾರ್ಚ್ 10ರಿಂದ 13ರವರೆಗೆ ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ನಡೆದ ಕಾಳಗವೊಂದರಲ್ಲೇ 4,000ಕ್ಕೂ ಹೆಚ್ಚು ಭಾರತೀಯರು ಸತ್ತರು ಇಲ್ಲವೇ ಗಾಯಗೊಂಡರು. ಯುದ್ಧ ಮುಗಿಯುವ ಹೊತ್ತಿಗೆ ಭಾರತದಿಂದ ಸುಮಾರು 13 ಲಕ್ಷ ಜನ ಬೇರೆ ಬೇರೆ ರಣರಂಗಗಳಲ್ಲಿ ದುಡಿದಿದ್ದರು. ಅವರಲ್ಲಿ 74,000ಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ.

ಈ ಜನ ಪತ್ರಕ್ಕೆ ಎಷ್ಟು ಅಂಟಿಕೊಂಡಿದ್ದರು ಅಂದರೆ, 1915ರ ಮಾರ್ಚ್ ಸುಮಾರಿಗೆ ಫ್ರಾನ್ಸ್‌ನಲ್ಲಿದ್ದ ಭಾರತೀಯರಿಂದ ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಪತ್ರ ಹೊರಡುತ್ತಿತ್ತು. ಬರೆದವರಲ್ಲಿ ಬಹಳಷ್ಟು ಜನರಿಗೆ ಅಕ್ಷರ ಬರುತ್ತಿರಲಿಲ್ಲ. ಬರೆಸುತ್ತಿದ್ದರು, ಅಷ್ಟೇ. ಪಲ್ಟನ್ನಿನಲ್ಲಿ ನಾಲ್ಕಕ್ಷರ ಬಲ್ಲ ಒಬ್ಬ ಇದ್ದೇ ಇರುತ್ತಿದ್ದ. ಕಂದಕದಿಂದ ಹಿಂದೆ ವಿಶ್ರಾಂತಿಗೆ ಬಂದಾಗ ಅಥವಾ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಾಗ ಅವನ ಕೈಕಾಲು ಹಿಡಿದು ಬರೆಸಬೇಕು. ಅವನಿಗೂ ಪುರುಸೊತ್ತು ಕಡಿಮೆ, ಹಿಂದೆ ಇನ್ನೂ ಹತ್ತು ಜನ ಕಾದಿರುತ್ತಾರೆ. ಆದ್ದರಿಂದ ಶುರು ಮಾಡುವ ಸಾಲುಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಹಿರಿಯರಿಗೆ ನಮಸ್ಕಾರ, ಇಲ್ಲಿ ಕ್ಷೇಮ, ಅಲ್ಲಿನ ಕ್ಷೇಮಕ್ಕೆ ದೇವರಲ್ಲಿ ಬೇಡಿಕೆ. ನಮ್ಮ ಹಿರಿಯರ ಕಾಗದಗಳಲ್ಲೂ ‘ತೀರ್ಥರೂಪು’, ‘ಸಾಷ್ಟಾಂಗ’, ‘ಉಭಯ ಕುಶಲೋಪರಿ’ ದಾಟಿ ಅಸಲು ವಿಷಯಕ್ಕೆ ಬರುವಷ್ಟರಲ್ಲಿ ಅರ್ಧ ಹಾಳೆ ಮುಗಿದಿರುತ್ತಿತ್ತು, ಅಲ್ವಾ?

ಈಗ ಆ ಹುಡುಗನ ಜಾಗದಲ್ಲಿ ಕೂತು ನೋಡಿ. ಪಕ್ಕದಲ್ಲಿ ಬರೆಯುವವನು ಇದ್ದಾನೆ. ಬಹುಶಃ ಅವನು ಪಕ್ಕದ ಊರಿನವನೇ. ಆಗ ಪಲ್ಟನ್ನಿಗೆ ಜನ ಸೇರಿಸುತ್ತಿದ್ದದ್ದೇ ಊರು, ಜಾತಿ, ನೆಂಟಸ್ತಿಕೆ ಹಿಡಿದು. ಸುತ್ತ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ. ಕಾಗದ ಊರು ಮುಟ್ಟಿದ ಮೇಲೆ ಅಲ್ಲೂ ಅದೇ ಕತೆ. ಅಪ್ಪನಿಗೂ ಓದಲು ಬಾರದು. ಊರಿನ ಮೇಷ್ಟ್ರೋ ಪೋಸ್ಟ್‌ಮ್ಯಾನೋ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಅಪ್ಪ, ಚಿಕ್ಕಪ್ಪ, ಬೀದಿಯವರು ಎಲ್ಲ ನೆರೆಯುತ್ತಾರೆ. ಹೆಂಡತಿ ಬಾಗಿಲ ಮರೆಯಿಂದ ಕೇಳಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ಜನರ ಮುಂದೆ ‘ಅವಳ ನೆನಪಾಗ್ತಿದೆ’ ಅಂತ ಯಾವ ಗಂಡ ಬರೆಸುತ್ತಾನೆ? ಮನೆಯಲ್ಲಿದ್ದಾಗಲೇ ಅಪ್ಪನೆದುರು ಹೆಂಡತಿಯನ್ನು ಮಾತನಾಡಿಸದವನು ಅವನು.

ಅದಕ್ಕೇ ಅವನು ಹೊಲ ಕೇಳುತ್ತಾನೆ. ಮಳೆ ಬಂತಾ, ಬಿತ್ತನೆ ಆಯಿತಾ, ಕೂಲಿಗೆ ಯಾರು ಸಿಕ್ಕರು, ಆ ಸಾಲಗಾರ ಮತ್ತೆ ಬಂದನಾ, ಮಗಳ ಮದುವೆ ಮಾತು ಎಲ್ಲಿಗೆ ಬಂತು. ಇವನ್ನು ಬರೀ ಲೆಕ್ಕಾಚಾರ ಅಂತ ಓದಿದರೆ ಮೋಸ ಹೋಗುತ್ತೀರಿ. ಒಬ್ಬೊಬ್ಬರಾಗಿ ಎಲ್ಲರ ಹೆಸರನ್ನೂ ಕೂಗಿ ಕೇಳುವುದು, ಒಂದೊಂದು ದನದ ಸುದ್ದಿಯನ್ನೂ ಬಿಡದೆ ಕೇಳುವುದು ಅಂದರೆ ಅವನು ಮನಸ್ಸಿನಲ್ಲಿ ಮನೆಯೊಳಗೆ ಒಂದು ಸುತ್ತು ಹಾಕಿ ಬರುತ್ತಿದ್ದಾನೆ. ನಾಲ್ಕು ಜನರ ಮುಂದೆ ಮರ್ಯಾದೆ ಕೆಡದ ಹಾಗೆ ಮನೆಯನ್ನು ಮುಟ್ಟುವುದಕ್ಕೆ ಅವನಿಗಿದ್ದ ದಾರಿ ಅದೊಂದೇ.

ಇನ್ನೊಂದು ಕಡೆ ನಿಜವಾದ ಆತಂಕವೂ ಇತ್ತು. ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸೇ ಯುದ್ಧಕ್ಕೆ ಹೋಗಿದ್ದ. ಅವನಿಲ್ಲದ ಹೊತ್ತು ನೋಡಿ ದಾಯಾದಿಗಳು ಬದು ಒತ್ತುವುದು, ಸಾಲ ಕೊಟ್ಟವನು ಕೇಸು ಹಾಕಿ ಏಕಪಕ್ಷೀಯ ಡಿಕ್ರಿ ಪಡೆಯುವುದು ಯಾರಿಗೂ ಹೊಸದಲ್ಲ. ಸೇವೆಯಲ್ಲಿರುವ ಸಿಪಾಯಿಯ ಬೆನ್ನ ಹಿಂದೆ ಹೀಗೆ ಕೇಸು ನಡೆಸಬಾರದು ಎಂದು ಸರ್ಕಾರ ಕಾನೂನನ್ನೇ ಮಾಡಬೇಕಾಯಿತು. ಯುದ್ಧದ ನಂತರ ಬಂದ 1925ರ ‘ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಆ್ಯಕ್ಟ್’ ಕೂಡ ಅಂಥದ್ದೇ. ಆದ್ದರಿಂದ ಕಂದಕದಲ್ಲಿ ಕೂತವನು ಕೋರ್ಟು ಕೇಸಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದರೆ ಅದು ದುಡ್ಡಿನಾಸೆ ಅಲ್ಲ. ತಾನು ವಾಪಸ್ ಹೋಗುವ ಮನೆ ಅಲ್ಲಿರುತ್ತದೋ ಇಲ್ಲವೋ ಅನ್ನುವ ಭಯ.

ಇದಕ್ಕೆ ಅಂಚೆಯ ನಿಧಾನವನ್ನೂ ಸೇರಿಸಿ. ಹಡಗಿನಲ್ಲಿ ಸೂಯೆಜ್ ಕಾಲುವೆ ದಾಟಿ ಬರುವ ಪತ್ರಕ್ಕೆ ಸುಮಾರು ಒಂದು ತಿಂಗಳು ಬೇಕು. ‘ಮಗು ಹೇಗಿದೆ’ ಅಂತ ಕೇಳಿದರೆ ಉತ್ತರ ಬರುವಷ್ಟರಲ್ಲಿ ಎರಡು ತಿಂಗಳು ದಾಟುತ್ತದೆ. ಜ್ವರ ಬಂದ ಮಗು ಗುಣವಾಗಿರುತ್ತದೆ, ಇಲ್ಲವೇ ಮಣ್ಣು ಸೇರಿರುತ್ತದೆ. ಪಂಜಾಬಿನಲ್ಲಿ ಆಗ ಪ್ಲೇಗಿನ ಕಾಟ ಬೇರೆ. ಯುದ್ಧಕ್ಕೆ ಹೋದವನಿಗಿಂತ ಮನೆಯಲ್ಲಿ ಉಳಿದವರೇ ಮೊದಲು ಸಾಯುವ ಸಾಧ್ಯತೆಯೂ ಇತ್ತು. ಅಷ್ಟೂ ದಿನ ಮನೆಯಲ್ಲಿ ಏನಾಗಿರಬಹುದು ಅಂತ ಲೆಕ್ಕ ಹಾಕುತ್ತಾ ಕೂರುವುದಷ್ಟೇ ಅವನ ಕೆಲಸ. ಇಂಗ್ಲಿಷ್ ಸೈನಿಕರು ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಿನ ಕಿರಿದಾದ ಕಡಲಿನ ಆಚೆ ಇರುವ ತಮ್ಮ ಊರಿಗೆ ಆಗೀಗ ರಜೆಯ ಮೇಲೆ ಹೋಗಿಬರುತ್ತಿದ್ದರು. ಇವರಿಗೆ ಊರು ಸಮುದ್ರಗಳ ಆಚೆ. ಇದು ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ದೂರು.

ಇನ್ನು ಮೂರನೆಯವನು, ಸೆನ್ಸಾರ್. 1914ರ ಕೊನೆಯಲ್ಲಿ ಭಾರತೀಯ ಅಂಚೆಗೆಂದೇ ಒಂದು ಸೆನ್ಸಾರ್ ಕಚೇರಿ ಶುರುವಾಯಿತು. ಅದನ್ನು ನಡೆಸಿದವರು ಐಸಿಎಸ್ ಅಧಿಕಾರಿಯಾಗಿದ್ದ ಈವ್ಲಿನ್ ಹೋವೆಲ್. ಮೊದಲು ಫ್ರಾನ್ಸಿನ ರುವಾನ್, ಆಮೇಲೆ ಅಲ್ಲಿನದೇ ಬೂಲೋನ್ ಪಟ್ಟಣದಲ್ಲಿ ಕಚೇರಿ. ಕ್ರಾಂತಿಕಾರಿ ಬರಹಗಳು, ಮುಖ್ಯವಾಗಿ ಗದರ್ ಪಕ್ಷದವು, ಸಿಪಾಯಿಗಳ ಕೈ ಸೇರಬಾರದು ಅನ್ನುವುದು ಮೊದಲ ಉದ್ದೇಶ. ಬರಬರುತ್ತಾ ಸಿಪಾಯಿಗಳ ಮನಸ್ಸು ಹೇಗಿದೆ ಅಂತ ನಾಡಿ ಹಿಡಿದು ನೋಡುವ ಕೆಲಸವೇ ದೊಡ್ಡದಾಯಿತು. ಉರ್ದು, ಗುರುಮುಖಿ, ಹಿಂದಿ, ಪಷ್ತೋ ಪತ್ರಗಳನ್ನು ಬಿಡಿಸಿ ಓದುವುದು, ಅವುಗಳಲ್ಲಿ ಕೆಲವನ್ನು ಆಯ್ದು ಇಂಗ್ಲಿಷಿಗೆ ತಿರುಗಿಸುವುದು, ವರದಿಯ ಜೊತೆ ಮೇಲಿನವರಿಗೆ ಕಳಿಸುವುದು. ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಆ ವರದಿಗಳು. ಮೂಲ ಪತ್ರಗಳಲ್ಲಿ ಬಹುಪಾಲು ತಮ್ಮ ಪಾಡಿಗೆ ಊರು ಸೇರಿ, ಗೆದ್ದಲು ಹಿಡಿದು, ಒಲೆ ಸೇರಿ ಕಾಣೆಯಾಗಿವೆ.

ನಿಮ್ಮ ಪ್ರಶ್ನೆಗೆ ಮುಖ್ಯವಾದ ಗಂಟು ಇರುವುದು ಇಲ್ಲೇ. ನೀವು ಓದಿದ್ದು ಸಿಪಾಯಿ ಬರೆಸಿದ ಇಡೀ ಪತ್ರ ಅಲ್ಲ. ಸೆನ್ಸಾರ್ ಕಚೇರಿಯವರು ‘ಇದು ಉಪಯೋಗಕ್ಕೆ ಬರುತ್ತದೆ’ ಅಂತ ಹೆಕ್ಕಿಕೊಂಡ ತುಂಡು. ಅವರಿಗೆ ಬೇಕಿದ್ದದ್ದು ಸೈನಿಕರ ಧೈರ್ಯ ಕುಗ್ಗಿದೆಯಾ, ಸರ್ಕಾರದ ಮೇಲೆ ಸಿಟ್ಟಿದೆಯಾ, ಫ್ರೆಂಚ್ ಹೆಂಗಸರ ಜೊತೆ ಸಲಿಗೆ ಬೆಳೆದಿದೆಯಾ, ಊರಿನವರಿಗೆ ಸೈನ್ಯ ಸೇರಬೇಡಿ ಅಂತ ಹೇಳುತ್ತಿದ್ದಾರಾ ಅನ್ನುವುದು. ‘ಚಿಕ್ಕ ಮಗನಿಗೆ ನನ್ನ ಮುತ್ತು ಕೊಡಿ’ ಅನ್ನುವಂಥ ಸಾಲಿನಿಂದ ಸೇನೆಗೆ ಏನು ಲಾಭ? ಅಂಥದ್ದು ಇದ್ದರೂ ಅದನ್ನು ನಕಲು ಮಾಡಿ ಇಡುವ ಅಗತ್ಯ ಅವರಿಗಿರಲಿಲ್ಲ. ಈ ಸಂಗ್ರಹ ನೋಡಿ ‘ಸಿಪಾಯಿಗಳು ಭಾವನೆ ಇಲ್ಲದವರು’ ಅಂತ ತೀರ್ಮಾನಿಸುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಆಯ್ದವರು ಯಾರು ಅಂತ ಕೇಳದೆ ಆಯ್ದದ್ದನ್ನೇ ಪೂರ್ತಿ ಅಂದುಕೊಳ್ಳುತ್ತಾರೆ.

ತಮ್ಮ ಕಾಗದ ಯಾರೋ ಓದುತ್ತಾರೆ ಅಂತ ಸಿಪಾಯಿಗಳಿಗೂ ಚೆನ್ನಾಗಿ ಗೊತ್ತಿತ್ತು. ಒಂದು ಪತ್ರದಲ್ಲಿ ಒಬ್ಬ ಕಾಳುಮೆಣಸು ಮುಗಿದಿದೆ, ಈಗ ಕೆಂಪು ಮೆಣಸಿನಕಾಯಿ ಬಳಸುತ್ತಿದ್ದಾರೆ, ಆದರೆ ಖಾರ ಕಾಳುಮೆಣಸಿನಲ್ಲೇ ಜಾಸ್ತಿ ಅಂತ ಬರೆಸಿದ್ದಾನೆ. ಕಾಳುಮೆಣಸು ಅಂದರೆ ಭಾರತೀಯರು, ಕೆಂಪು ಮೆಣಸು ಅಂದರೆ ಇಂಗ್ಲಿಷರು. ನಮ್ಮವರು ಸತ್ತು ಮುಗಿಯುತ್ತಾ ಬಂದಿದ್ದಾರೆ ಅನ್ನುವ ಸುದ್ದಿಯನ್ನು ಅಡುಗೆಮನೆಯ ಸಾಮಾನಿನಲ್ಲಿ ಸುತ್ತಿ ಕಳಿಸಿದ್ದಾನೆ. ಸೆನ್ಸಾರಿಗೆ ಇದು ಅರ್ಥವಾಗಿತ್ತು ಅನ್ನಿ, ಅದಕ್ಕೇ ಇವತ್ತು ನಮಗೂ ಸಿಕ್ಕಿದೆ.

ಇಷ್ಟೆಲ್ಲ ಅಡೆತಡೆ ಇದ್ದರೂ ಕಟ್ಟೆ ಒಡೆದ ಪತ್ರಗಳಿವೆ. 1915ರ ಜನವರಿಯಲ್ಲಿ ಗಢವಾಲದ ಒಬ್ಬ ಸಿಪಾಯಿ ತಂದೆಗೆ ಬರೆದದ್ದು ಅಂಥದ್ದು. ಬಾಂಬುಗಳನ್ನು ತಡೆದುಕೊಳ್ಳುವುದು ಬಹಳ ಕಷ್ಟ ಅಪ್ಪಾ ಅನ್ನುತ್ತಾನೆ. ಗುಂಡುಗಳು ಹಿಮ ಬಿದ್ದ ಹಾಗೆ ಬೀಳುತ್ತಿವೆ, ಕೆಸರು ಸೊಂಟದವರೆಗೆ ಇದೆ, ತಂದೆತಾಯಿಯನ್ನು ಮತ್ತೆ ನೋಡುವ ಮಗ ಬಹಳ ಪುಣ್ಯ ಮಾಡಿರಬೇಕು ಅನ್ನುತ್ತಾನೆ. ಗುಂಡಿಗೆ ಅವನಿಗೆ ಸಿಕ್ಕಿದ ಹೋಲಿಕೆ ನೋಡಿ, ಹಿಮ. ಗುಡ್ಡಗಾಡಿನಲ್ಲಿ ಹುಟ್ಟಿ ಬೆಳೆದವನ ಕಣ್ಣು ಅದು. ಅಪ್ಪನಿಗೂ ತಟ್ಟನೆ ಅರ್ಥವಾಗುವ ಮಾತು. ಅದೇ ತಿಂಗಳು ಗಾಯಗೊಂಡು ಮಲಗಿದ್ದ ಪಂಜಾಬಿನ ರಜಪೂತನೊಬ್ಬ ಇದು ಯುದ್ಧವೇ ಅಲ್ಲ, ಲೋಕದ ಅಂತ್ಯ, ನಮ್ಮ ಹಿರಿಯರ ಮಹಾಭಾರತದಲ್ಲಿ ಹೇಳಿದಂಥ ಕಾಳಗ ಇದು ಅಂತ ನೆಂಟರಿಗೆ ಬರೆಸಿದ್ದಾನೆ. ಕ್ಷೇಮ ಸಮಾಚಾರದ ಸಾಲು ಬರೆಸಿ ಬರೆಸಿ ರೂಢಿಯಾದ ಬಾಯಿಂದ ಇಂಥ ಮಾತು ಬಂದಿದೆ ಅಂದರೆ ಒಳಗೆ ಎಷ್ಟು ಇದ್ದಿರಬೇಕು!

1915ರಲ್ಲಿ ಸಿಪಾಯಿಗಳ ಮನಸ್ಸು ಪೂರಾ ಮುರಿದದ್ದು ಬೇರೆ ಒಂದು ಕಾರಣಕ್ಕೆ. ಗಾಯ ಆದರೆ ಊರಿಗೆ ಹೋಗಬಹುದು ಅಂತ ಅವರು ನಂಬಿಕೊಂಡಿದ್ದರು. ರಕ್ತ ಸುರಿಸಿ ಆಯಿತು, ಋಣ ತೀರಿತು, ಇನ್ನು ಮನೆ. ಅವರ ಲೆಕ್ಕ ಇಷ್ಟೇ ಸರಳವಾಗಿತ್ತು. ಆದರೆ ಗುಣವಾದವರನ್ನು ಮತ್ತೆ ಕಂದಕಕ್ಕೇ ಕಳಿಸತೊಡಗಿದರು. ಆಗಿನ ಪತ್ರಗಳಲ್ಲಿ ಕಹಿ ಎದ್ದು ಕಾಣುತ್ತದೆ. ಕೈಗೆ ಗುಂಡು ಬಿದ್ದು ಬಂದವರು ಹೆಚ್ಚಾದಾಗ, ಇವರು ಊರಿಗೆ ಹೋಗಲು ತಾವೇ ಗುಂಡು ಹೊಡೆದುಕೊಂಡರಾ ಅನ್ನುವ ಅನುಮಾನ ಅಧಿಕಾರಿಗಳಿಗೆ ಬಂತು. ಇಂಗ್ಲೆಂಡಿನ ಬ್ರೈಟನ್‌ನ ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಬ್ರೂಸ್ ಸೀಟನ್ ಸಾವಿರ ಗಾಯಗಳನ್ನು ಪರೀಕ್ಷಿಸಿ, ಹಾಗೆ ಹೇಳಲು ಆಧಾರವಿಲ್ಲ ಅಂತ ವರದಿ ಕೊಟ್ಟರು. ಅನುಮಾನ ಹುಟ್ಟಿದ್ದೇ ಒಂದು ವಿಷಯ ಹೇಳುತ್ತದೆ. ಈ ಜನರಿಗೆ ಮನೆ ಎಷ್ಟು ಬೇಕಾಗಿದೆ ಅನ್ನುವುದು ಅಧಿಕಾರಿಗಳಿಗೂ ಕಂಡಿತ್ತು.

ಅದೇ ಬ್ರೈಟನ್‌ನಲ್ಲಿ ರಾಜನ ಹಳೆಯ ಅರಮನೆ ರಾಯಲ್ ಪೆವಿಲಿಯನ್ ಕೂಡ ಭಾರತೀಯರ ಆಸ್ಪತ್ರೆಯಾಗಿತ್ತು. ಜಾತಿ ಧರ್ಮದ ಕಟ್ಟುಪಾಡು ಕೆಡದಿರಲಿ ಅಂತ ಒಂಬತ್ತು ಬೇರೆ ಬೇರೆ ಅಡುಗೆಮನೆಗಳನ್ನು ಮಾಡಿದ್ದರು. ಗುಮ್ಮಟದ ಕೆಳಗೆ ಹಾಸಿಗೆ, ಒಳ್ಳೆಯ ಉಪಚಾರ. ಪತ್ರಗಳಲ್ಲಿ ಅದರ ಹೊಗಳಿಕೆ ಬಹಳ ಇದೆ, ಸರ್ಕಾರವೂ ಆ ಚಿತ್ರಗಳನ್ನು ಪ್ರಚಾರಕ್ಕೆ ಬಳಸಿಕೊಂಡಿತು. ಕಿಚನರ್ ಆಸ್ಪತ್ರೆಯಲ್ಲಿ ಮಾತ್ರ ಸಿಪಾಯಿಗಳು ಮನಸ್ಸಿಗೆ ಬಂದಂತೆ ಹೊರಗೆ ಓಡಾಡುವ ಹಾಗಿರಲಿಲ್ಲ, ಕಾವಲಿತ್ತು. ಸತ್ತ 53 ಹಿಂದೂ ಮತ್ತು ಸಿಖ್ಖರನ್ನು ಬ್ರೈಟನ್ ಹೊರಗಿನ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಕಟ್ಟಿದ ‘ಛತ್ರಿ’ ಅನ್ನುವ ಗುಮ್ಮಟದ ಸ್ಮಾರಕ ಈಗಲೂ ಇದೆ. ಮುಸ್ಲಿಂ ಸೈನಿಕರನ್ನು ವೋಕಿಂಗ್‌ನಲ್ಲಿ ಮಣ್ಣು ಮಾಡಿದರು.

ಮನೆ ಬೇಕು ಅನ್ನುವ ಹಂಬಲ ಇನ್ನೊಂದು ಕಡೆಯಿಂದಲೂ ಹೊರಗೆ ಬರುತ್ತದೆ. ಅದು ನನಗೆ ಬಹಳ ಇಷ್ಟವಾದ ಭಾಗ. 1915ರ ಕೊನೆಗೆ ಪದಾತಿ ದಳಗಳನ್ನು ಮೆಸೊಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ ಕಳಿಸಿದರು. ಕುದುರೆ ದಳದವರು 1918ರವರೆಗೂ ಫ್ರಾನ್ಸಿನಲ್ಲೇ ಉಳಿದರು. ಚಳಿಗಾಲದಲ್ಲಿ ಅವರನ್ನು ಹಳ್ಳಿಗಳಲ್ಲಿ ರೈತರ ಮನೆಗಳಲ್ಲಿ ಇರಿಸುತ್ತಿದ್ದರು. ಭಾಷೆ ಬಾರದು, ಊಟ ಬೇರೆ, ದೇವರು ಬೇರೆ. ಆದರೂ ಕೊಟ್ಟಿಗೆ, ಹುಲ್ಲು, ಹಾಲು, ಉಳುಮೆ ಎಲ್ಲ ಗುರುತಿನವೇ. ಅಂಥ ಒಂದು ಮನೆಯಲ್ಲಿದ್ದ ಸವಾರ ಒಬ್ಬ ಮುದುಕಿಯ ಬಗ್ಗೆ ಬರೆಸಿದ್ದಾನೆ. ಅವಳ ಮಕ್ಕಳೂ ಯುದ್ಧಕ್ಕೆ ಹೋಗಿದ್ದರು. ಅವಳು ಇವನ ಬಟ್ಟೆ ಒಗೆದಳು, ಹಾಸಿಗೆ ಸರಿ ಮಾಡಿದಳು, ಹೆತ್ತ ತಾಯಿಯ ಹಾಗೆ ನೋಡಿಕೊಂಡಳು. ಹೊರಡುವ ದಿನ ಅವನ ಭುಜ ಹಿಡಿದು ಅತ್ತು, ಬೇಡ ಅಂದರೂ ಕೇಳದೆ ಖರ್ಚಿಗೆ ಅಂತ ಐದು ಫ್ರಾಂಕ್ ಕೈಗೆ ತುರುಕಿದಳು. ಬರೆಸಿದವನು ತನ್ನ ತಾಯಿ ನೆನಪಾದಳು ಅಂತ ಅಗಲವಾಗಿ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕುದುರೆ ದಳದ ಸೈನಿಕರು ಅಲ್ಲಿನ ಹೆಂಗಸರು ಹೊಲ ಗೇಯುವುದನ್ನು, ಲೆಕ್ಕ ಬರೆಯುವುದನ್ನು, ಪೇಪರ್ ಓದುವುದನ್ನು ನೋಡಿ, ನಮ್ಮ ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸಿ ಅಂತ ಊರಿಗೆ ಬರೆಸಿದರು. ಹೆಂಡತಿಗೆ ಓದಲು ಬಂದಿದ್ದರೆ ನಡುವಿನವರ ಹಂಗಿಲ್ಲದೆ ಅವಳಿಗೇ ಪತ್ರ ಬರೆಯಬಹುದಿತ್ತು ಅನ್ನುವ ಆಸೆ ಅದರೊಳಗೆ ಸುಮ್ನೆ ಅವಿತು ಕೂತಿದೆ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ, ನೀವು ಒಪ್ಪಲೇಬೇಕು ಅಂತಿಲ್ಲ.

ನಡುವೆ ಬರೆಯುವವನೂ ಇಲ್ಲದೆ, ಊರ ಓದುಗನೂ ಇಲ್ಲದೆ ಸಿಪಾಯಿಯೇ ನೇರವಾಗಿ ಮಾತನಾಡಿದ್ದು ಎಲ್ಲಾದರೂ ಇದೆಯಾ ಅಂದರೆ, ಇದೆ. ಬರ್ಲಿನ್ ಹತ್ತಿರದ ವ್ಯೂನ್ಸ್‌ಡಾರ್ಫ್‌ನಲ್ಲಿ ಜರ್ಮನರು ಸೆರೆ ಹಿಡಿದವರಿಗಾಗಿ ‘ಅರ್ಧಚಂದ್ರ’ ಅನ್ನುವ ಶಿಬಿರ ಇತ್ತು. ಅಲ್ಲಿಗೆ ಜರ್ಮನ್ ಭಾಷಾ ಪಂಡಿತರು ಧ್ವನಿಮುದ್ರಣದ ಯಂತ್ರ ತಂದರು. ಅವರಿಗೆ ಬೇಕಿದ್ದದ್ದು ಉಚ್ಚಾರಣೆಯ ಮಾದರಿ ಮಾತ್ರ. 1916ರ ಡಿಸೆಂಬರಿನಲ್ಲಿ ಪಂಜಾಬಿನ ಒಬ್ಬ ಸಿಪಾಯಿ ಆ ಯಂತ್ರದ ಕೊಳವೆಯ ಮುಂದೆ ನಿಂತು, ಕತೆ ಹೇಳುವವನ ಹಾಗೆ ತನ್ನನ್ನೇ ‘ಒಬ್ಬ ಮನುಷ್ಯ’ ಅಂತ ಕರೆದುಕೊಂಡು ಮಾತನಾಡಿದ. ಅವನು ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಯುದ್ಧಕ್ಕೆ ಬಂದ, ಜರ್ಮನರಿಗೆ ಸಿಕ್ಕಿಬಿದ್ದ. ಅವನಿಗೆ ಊರಿಗೆ ಹೋಗಬೇಕು. ಹೋದರೆ ಅದೇ ಊಟ ಸಿಗುತ್ತದೆ. ಇನ್ನೆರಡು ವರ್ಷ ಇಲ್ಲೇ ಇದ್ದರೆ ಸತ್ತು ಹೋಗುತ್ತಾನೆ. ದೇವರ ದಯದಿಂದ ಬೇಗ ಸಂಧಾನ ಆದರೆ ಹೊರಟು ಹೋಗುತ್ತಾನೆ. ಇದರ ತಿರುಳೆಲ್ಲ ಇಷ್ಟೇ. ಆ ಧ್ವನಿ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿದೆ. ಗಮನಿಸಿ, ಇಲ್ಲೂ ಹೆಂಡತಿಯ ಮಾತಿಲ್ಲ, ಮಕ್ಕಳ ಮಾತಿಲ್ಲ. ಬೆಣ್ಣೆ ಇದೆ. ಪತ್ರಗಳಲ್ಲಿ ದನ ಇದ್ದ ಹಾಗೆ. ಆ ಬೆಣ್ಣೆ ಕಡೆದು ಕೈಗಿಟ್ಟವರು ಯಾರು ಅಂತ ಬೇರೆ ಹೇಳಬೇಕಾ?

ಮನೆಯವರ ಕಡೆಯ ಕತೆ ಇನ್ನೂ ಮಸುಕು. ಹೆಂಗಸರೂ ಯಾರದ್ದೋ ಕೈಯಲ್ಲಿ ಬರೆಸಬೇಕು, ಊರಿನಿಂದ ಹೋಗುವ ಪತ್ರಗಳನ್ನೂ ಸೆನ್ಸಾರ್ ಒಡೆದು ನೋಡುತ್ತಿದ್ದ. ಒಮ್ಮೊಮ್ಮೆ ಸುದ್ದಿಯೇ ನಿಂತು ಹೋಗುತ್ತಿತ್ತು. ಇರಾಕಿನ ಕೂಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ ಸೈನ್ಯ 147 ದಿನ ಹಸಿದು 1916ರ ಏಪ್ರಿಲ್ 29ರಂದು ಶರಣಾಯಿತು. ಅದರಲ್ಲಿ ಭಾರತೀಯರೇ ಹೆಚ್ಚು. ಆಮೇಲೆ ಮರಳುಗಾಡಿನಲ್ಲಿ ನಡೆಸಿಕೊಂಡು ಹೋದ ಸಾಮಾನ್ಯ ಸಿಪಾಯಿಗಳಲ್ಲಿ ಬಹಳ ಜನ ದಾರಿಯಲ್ಲೇ ಸತ್ತರು. ಅವರ ಮನೆಗಳಲ್ಲಿ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ಅಂತ ಗೊತ್ತಿಲ್ಲದೆ ಕಳೆದ ದಿನಗಳಿಗೆ ಯಾವ ಸಂಗ್ರಹವೂ ಇಲ್ಲ.

ಕೊನೆಗೆ ಮೈಸೂರಿನ ವಿಷಯ. ಸೆನ್ಸಾರ್ ಸಂಗ್ರಹ ಇರುವುದು ಫ್ರಾನ್ಸ್ ಮತ್ತು ಇಂಗ್ಲೆಂಡಿನಲ್ಲಿದ್ದವರದ್ದು. ಅದರಲ್ಲಿ ಪಂಜಾಬಿನವರು, ಪಠಾಣರು, ಗಢವಾಲದವರು ಹೆಚ್ಚು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟಿಗೆ. ಮೊದಲು ಸೂಯೆಜ್ ಕಾಲುವೆ ಕಾಯುವುದು, ಆಮೇಲೆ ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದಾಗ ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಕಡೆ ನುಗ್ಗಿದರು, ಜೋಧಪುರದವರು ಪಟ್ಟಣದ ಕಡೆ ನುಗ್ಗಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನವನು, ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. ಹೀಗಾಗಿ ಬೂಲೋನಿನ ವರದಿಗಳಲ್ಲಿ ಮೈಸೂರಿನವರನ್ನು ಹುಡುಕಿ ಪ್ರಯೋಜನವಿಲ್ಲ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದವರು ಮೆಸೊಪೊಟೇಮಿಯಾದಲ್ಲಿ ಸೇತುವೆ, ರಸ್ತೆ ಮಾಡಿದರು. ಅವರೂ ಈ ಸಂಗ್ರಹದ ಆಚೆ.

ನಿಮ್ಮ ಮನೆತನದಲ್ಲೋ ಊರಿನಲ್ಲೋ ಅಂಥವರು ಯಾರಾದರೂ ಇದ್ದರು ಅನ್ನಿಸಿದರೆ ಹಳೆಯ ಟ್ರಂಕಿನಿಂದ ಶುರು ಮಾಡಿ. ಬಿಡುಗಡೆ ಪತ್ರ, ಪಿಂಚಣಿ ಕಾಗದ, ಪದಕ ಹುಡುಕಿ. ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ. ಕನ್ನಡದ ಕಾಗದಕ್ಕೆ ಮಾತ್ರ ಕಣ್ಣು ಹಾಕಬೇಡಿ. ಸೈನ್ಯದಲ್ಲಿ ಆಗ ಉರ್ದು ಬಳಕೆ ಜಾಸ್ತಿ. ಬರೆದುಕೊಡುವವನಿಗೆ ಬರುವ ಲಿಪಿಯಲ್ಲೇ ಕಾಗದ ಹೋಗುತ್ತಿತ್ತು. ಅಜ್ಜಿಯ ಪೆಟ್ಟಿಗೆಯಲ್ಲಿ ಯಾರಿಗೂ ಓದಲು ಬಾರದ ಹಳೆಯ ಪೋಸ್ಟ್‌ಕಾರ್ಡ್ ಇದ್ದರೆ ಎಸೆಯುವ ಮುನ್ನ ಉರ್ದು ಬಲ್ಲವರಿಗೊಮ್ಮೆ ತೋರಿಸಿ. ಸತ್ತವರಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಮತ್ತು ದಳ ಹಾಕಿ ಹುಡುಕಬಹುದು. ಇಂಗ್ಲಿಷ್ ಗುಮಾಸ್ತರು ಹೆಸರನ್ನು ಹೇಗೆ ಬೇಕೋ ಹಾಗೆ ಬರೆದಿರುತ್ತಾರೆ, ಅದಕ್ಕೆ ನಾಲ್ಕೈದು ರೀತಿ ಸ್ಪೆಲಿಂಗ್ ಹಾಕಿ ನೋಡಿ. ಇರಾಕಿನಲ್ಲಿ ಸತ್ತವರ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. 1929ರಲ್ಲಿ ತೆರೆದ ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಇಂಗ್ಲಿಷ್ ಸೈನಿಕರ ಹೆಸರುಗಳಿವೆ. ಭಾರತದ ಸಾಮಾನ್ಯ ಸಿಪಾಯಿಗಳನ್ನು ದಳಕ್ಕೆ ಇಷ್ಟು ಜನ ಅಂತ ಬರೀ ಸಂಖ್ಯೆಯಲ್ಲಿ ಬರೆದಿದ್ದಾರೆ. ಅದಕ್ಕೇ ಅಂಥವರ ವಿಷಯದಲ್ಲಿ ಕಲ್ಲಿನ ಮೇಲಿನ ಹೆಸರಿಗಿಂತ ಮನೆಯಲ್ಲಿರುವ ಕಾಗದವೇ ಹೆಚ್ಚು ಗಟ್ಟಿ ಪುರಾವೆ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಯುದ್ಧದಲ್ಲಿ ಸತ್ತವರ ಹೆಸರುಗಳು ಅದರ ಮೇಲಿವೆ. ಅಲ್ಲಿಂದಲೂ ಶುರು ಮಾಡಬಹುದು. ಏನಾದರೂ ಸಿಕ್ಕಿದರೆ ಕಾಗದದ ಎರಡೂ ಬದಿ, ಅಂಚೆ ಮುದ್ರೆ ಸಮೇತ ಫೋಟೋ ತೆಗೆದು ಕಳಿಸಿ. ಮುದ್ರೆಯಲ್ಲಿರುವ ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ಓದಲು ಬಂದರೆ ಅದನ್ನು ಎಲ್ಲಿಂದ ಕಳಿಸಿದರು ಅಂತ ಪತ್ತೆ ಮಾಡಲು ಪ್ರಯತ್ನಿಸುತ್ತೇನೆ.